ಅಮ್ಮಾವ್ರ ಜೀಪಿನ ಕಾವಲು

ಕೆಲವರ ಮನೆಯಲ್ಲಿ ದಿನಾ ಹಾಲು ಉಕ್ಕಿ ಹೋಗುತ್ತದೆ, ಕೆಲವರು ಹೋದಲ್ಲೆಲ್ಲ ಕೊಡೆ ಮರೆತು ಬರುತ್ತಾರೆ. ಅದು ಅವರವರ ಹಣೆಬರಹ. ನಾನು ಕೆಲಸಕ್ಕಿದ್ದ ತೋಟದ ಹಣೆಯಲ್ಲಿ ಬರೆದದ್ದು ಒಂದು ಹಳೆಯ ಜೀಪನ್ನು ಕಳ್ಳರಿಂದ ಕಾಯುವುದು. ನಾವು ಕಾದ ಪ್ರತಿ ಸಲವೂ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು.

೧. ಬೀಗವಿಲ್ಲದ ಗಾಡಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ನಾಲ್ಕು ವರ್ಷ ಆಗಿದ್ದ ಕಾಲ. ಶನಿವಾರಸಂತೆಯಿಂದ ಕೊಡ್ಲಿಪೇಟೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ನಾಲ್ಕು ಮೈಲಿ ನಮ್ಮ ಕಾಫಿ ತೋಟ. ನಾನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ತೋಟದ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಅಮ್ಮಾವ್ರು, ಒಬ್ಬರೇ ತೋಟ ನಡೆಸುತ್ತಿದ್ದರು.

ಯಜಮಾನರು ಬಿಟ್ಟುಹೋದದ್ದರಲ್ಲಿ ಅಮ್ಮಾವ್ರಿಗೆ ಎಲ್ಲಕ್ಕಿಂತ ಹೆಚ್ಚಿನದು ಆ ಜೀಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಕೂಲಿಯವರ ಲೈನಿನಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇದ್ದ ಒಬ್ಬಳು ಹೆರಿಗೆ ನೋವಿನಲ್ಲಿ ಆಸ್ಪತ್ರೆಗೆ ಹೋಗುವಾಗ ಎತ್ತಿನ ಗಾಡಿಯಲ್ಲೇ ತೀರಿಕೊಂಡಾಗ ಯಜಮಾನರು ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ಹೋಗಿ ತಂದದ್ದಂತೆ. ಅದರ ಜೊತೆಗೇ ಬಂದವನು ಡ್ರೈವರ್. ಯುದ್ಧದಲ್ಲಿ ಇಂಥದೇ ಜೀಪು ಓಡಿಸಿದವನು. ಐವತ್ತು ದಾಟಿತ್ತು, ಒಂದು ಮಂಡಿ ಮಡಚುತ್ತಿರಲಿಲ್ಲ. ಹೆಂಡತಿ ಮಕ್ಕಳು ಯಾರೂ ಇಲ್ಲ.

ಆ ಗಾಡಿಗೆ ಬೀಗದ ಕೈ ಅನ್ನುವುದೇ ಇರಲಿಲ್ಲ. ಸ್ವಿಚ್ಚು ತಿರುಗಿಸಿ ಕಾಲಿನಲ್ಲಿ ಸ್ಟಾರ್ಟರ್ ಒತ್ತಿದರೆ ಹೊರಟಿತು. ಯಾರು ಒತ್ತಿದರೂ ಹೊರಟಿತು. ಹೀಗಿರುವಾಗ ಒಂದು ಶನಿವಾರ ಸಂತೆಯಲ್ಲಿ ಯಾವುದೋ ತೋಟದ ಜೀಪನ್ನು ಕಾಫಿ ಕುಡಿಯುವಷ್ಟರಲ್ಲಿ ಯಾರೋ ಹೊಡೆದುಕೊಂಡು ಹೋದರು. ಅದು ಹಾಸನದ ಕಡೆ ಹೋಯಿತೆಂಬ ಸುದ್ದಿಯಷ್ಟೇ ವಾಪಸು ಬಂತು.

ಅಮ್ಮಾವ್ರು ನಮ್ಮಿಬ್ಬರನ್ನೂ ಕರೆದರು. "ನೋಡಿ, ಇದು ಹೋದ್ರೆ ಇನ್ನೊಂದು ತರಿಸಲ್ಲ. ಅವರು ತಂದಿದ್ದು ಇದೊಂದೇ" ಅಂದು ಒಳಗೆ ಹೋದರು. ಡ್ರೈವರ್ ಹೋಗಿ ಜೀಪಿನ ಗಾಜು ಒರೆಸತೊಡಗಿದ. ಜೀಪಿಲ್ಲದ ಮೇಲೆ ಜೀಪಿನ ಡ್ರೈವರ್ ಎಲ್ಲಿಗೆ ಹೋಗಬೇಕು ಅನ್ನುವುದು ನನಗೂ ಹೊಳೆಯಲಿಲ್ಲ.

ಮುಂದಿನ ಶನಿವಾರ ಅವನು ನನ್ನನ್ನೇ ಸಂತೆಗೆ ಕರೆದುಕೊಂಡು ಹೋಗಿ ಜೀಪಿನಲ್ಲಿ ಕಾವಲು ಕೂರಿಸಿದ. ಮಿಲಿಟರಿಯ ಹಳೆಯ ಸ್ನೇಹಿತನೊಬ್ಬ ಸಿಕ್ಕಿದ್ದಾನೆ, ತಡವಾಗಬಹುದು ಅಂದ. ನಾನು ಕೊಡೆ, ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಎಚ್ಚರವಾಗಿ ಕೂತೆ. ಸ್ವಲ್ಪ ಹೊತ್ತಿಗೆ ಖಾಕಿ ಕೋಟಿನ ಒಬ್ಬರು ಬಂದು ಪಕ್ಕದ ಡ್ರೈವರ್ ಸೀಟಿನಲ್ಲಿ ಕೂತು, "ಹೊರಡಣ್ವಾ ರೈಟ್ರೆ?" ಅಂದರು. ಇವರೇ ಆ ಸ್ನೇಹಿತ, ಡ್ರೈವರೇ ಕಳಿಸಿರಬೇಕು ಅಂತ "ಹೊರಡಿ" ಅಂದೆ. ಹೊರಟೆವು.

ಊರು ದಾಟಿದ ಮೇಲೆ ಅವರು, ಸಾಹೇಬರ ಜ್ವರ ಹೇಗಿದೆ ಅಂತ ಕೇಳಿದರು. ನಮ್ಮ ಸಾಹೇಬರು ತೀರಿಕೊಂಡು ಎರಡು ವರ್ಷವಾಯಿತು ಅಂದೆ. ಅವರು ಗಕ್ಕನೆ ಬ್ರೇಕು ಹಾಕಿ ನನ್ನನ್ನು ನೋಡಿದರು, ಆಮೇಲೆ ಜೀಪನ್ನು ನೋಡಿದರು. ಅವರು ಬೇರೊಂದು ತೋಟದ ಡ್ರೈವರು. ಅವರ ಜೀಪೂ ಹರಾಜಿನದೇ, ಬಣ್ಣವೂ ಇದೇ, ಅವರ ತೋಟಕ್ಕೆ ಆ ವಾರವಷ್ಟೇ ಹೊಸ ರೈಟರ್ ಬಂದಿದ್ದ, ಮುಖ ಪರಿಚಯವಿರಲಿಲ್ಲ.

ಸಂತೆಗೆ ವಾಪಸು ಬಂದಾಗ ನಮ್ಮ ಡ್ರೈವರ್ ಅವರ ಜೀಪಿನ ಪಕ್ಕ ರಾಗಿ ಮೂಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಬೈಯಲಿಲ್ಲ. ಮೊದಲು ಬಾನೆಟ್ಟು ಸವರಿದ, ಆಮೇಲೆ ನನ್ನ ಭುಜ ಸವರಿದ. ಮನೆಗೆ ಬಂದು ಅಮ್ಮಾವ್ರಿಗೆ ವರದಿ ಒಪ್ಪಿಸಿದ: ಜೀಪು ಕಳುವಾಗಿತ್ತು, ಕಾವಲುಗಾರನೂ ಕಳುವಾಗಿದ್ದ, ದೇವರ ದಯೆಯಿಂದ ಎರಡೂ ಒಟ್ಟಿಗೆ ಸಿಕ್ಕಿದವು.

೨. ಸೆರಗಿನ ಗಂಟು

ಮನುಷ್ಯರ ಕಾವಲು ಸಾಲದು ಎಂದು ಡ್ರೈವರ್ ಮಿಲಿಟರಿ ಉಪಾಯ ತೆಗೆದ. ಇಂಜಿನ್ನಿನಲ್ಲಿ ರೋಟರ್ ಅಂತ ಹೆಬ್ಬೆರಳಿನಷ್ಟು ದೊಡ್ಡ ಕರಿಯ ತುಂಡೊಂದಿದೆ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಯಾರಪ್ಪನಿಗೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗಾಡಿ ಶೆಡ್ಡಿಗೆ ಬಂದ ಕೂಡಲೇ ಅದನ್ನು ತೆಗೆದು ಅಮ್ಮಾವ್ರ ಕೈಗೆ ಕೊಡುತ್ತಿದ್ದ. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಒಂದು ದಿನ ಅವರು ಪಕ್ಕದ ತೋಟದವರ ಕಾರಿನಲ್ಲಿ ಮಡಿಕೇರಿಗೆ, ನೆಂಟರ ಮನೆಯ ನಾಮಕರಣಕ್ಕೆ ಹೋದರು. ಅವರು ಹೋದ ಮೇಲೆ ನಾವು ಕಾಫಿ ಮೂಟೆ ಹೇರಿ ಜೀಪು ಹತ್ತಿದೆವು. ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ. ರೋಟರ್ ಅಮ್ಮಾವ್ರ ಸೆರಗಿನಲ್ಲೇ ಮಡಿಕೇರಿಗೆ ಹೋಗಿತ್ತು. ನಾನು ಬಸ್ಸು ಹತ್ತಿದೆ.

ನಾಮಕರಣದ ಮನೆಯಲ್ಲಿ ನಡುಮನೆ ತುಂಬ ಹೆಂಗಸರು. ಎಲ್ಲರ ನಡುವೆ ನಮ್ಮ ಅಮ್ಮಾವ್ರು. ನಾನು ಬಾಗಿಲಲ್ಲಿ ನಿಂತು, ಅಮ್ಮಾವ್ರೆ, ನಿಮ್ಮ ಸೊಂಟದಲ್ಲಿರುವುದು ಸ್ವಲ್ಪ ಬೇಕಾಗಿತ್ತು ಅಂದೆ. ಬೇರೆ ಹೇಗೆ ಹೇಳಬೇಕಿತ್ತೋ ಇವತ್ತಿಗೂ ತಿಳಿಯದು. ನಡುಮನೆಯ ಹೆಂಗಸರೆಲ್ಲ ತಿರುಗಿ ನನ್ನನ್ನೇ ನೋಡಿದರು.

ಅಮ್ಮಾವ್ರು ಸಾವಕಾಶವಾಗಿ ಗಂಟು ಬಿಚ್ಚಿ ರೋಟರ್ ಹೊರತೆಗೆದರು. ಪಕ್ಕದಲ್ಲಿದ್ದ ಮುದುಕಿಯೊಬ್ಬರು ಅದನ್ನು ಈಸಿಕೊಂಡು ತಿರುಗಿಸಿ ನೋಡಿ, ಯಾವ ಊರಿನ ತಾಯಿತ ಅಂತ ಕೇಳಿದರು. ಅಮ್ಮಾವ್ರು ನಕ್ಕು, "ತಾಯಿತ ಅಲ್ಲ. ನಮ್ಮನೆಯವರ ಜೀಪಿನ ಜೀವ. ಇದು ನನ್ನ ಹತ್ರ ಇದ್ರೆ ಅದು ಎಲ್ಲೂ ಹೋಗಲ್ಲ" ಅಂದರು. ಅಂದವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ಮುದುಕಿ ಅದನ್ನು ನನ್ನ ಅಂಗೈಗೆ ಹಾಕುತ್ತಾ ತಗ್ಗಿದ ದನಿಯಲ್ಲಿ ಕೇಳಿದರು: "ನಮ್ಮನೆಯವ್ರೂ ದಿನಾ ಸಂಜೆ ಎಲ್ಲಿಗೋ ಹೋಗ್ತಾರೆ. ಅವರಿಗೂ ಇಂಥದ್ದು ಎಲ್ಲಾದ್ರೂ ಇರ್ತದಾ ಅಂತ ನಿಮ್ಮ ಡ್ರೈವರನ್ನ ಕೇಳಿ ನೋಡಪ್ಪ."

೩. ಆನೆಯ ಸರಪಳಿ

ಇದು ನನ್ನ ಬುದ್ಧಿ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಆ ವರ್ಷ ತೋಟದ ಮೇಲ್ಗಡೆ ಮರ ಕಡಿಸುತ್ತಿದ್ದರು, ದಿಮ್ಮಿ ಎಳೆಯಲು ಆನೆಯೊಂದು ಬಂದಿತ್ತು. ಮಾವುತನ ಹತ್ತಿರ ಒಂದು ಹಳೆಯ ಸರಪಳಿ ಕೇಳಿ ಇಸಿದುಕೊಂಡು, ಜೀಪಿನ ಮುಂದಿನ ಬಂಪರಿಗೆ ಸುತ್ತಿ ಶೆಡ್ಡಿನ ಕಂಬಕ್ಕೆ ಕಟ್ಟಿಸಿದೆ.

ಮಾರನೆಯ ದಿನ ಮಧ್ಯಾಹ್ನ ಆನೆ ಹೊಳೆಗೆ ಸ್ನಾನಕ್ಕೆ ಹೋಗುತ್ತಾ ಶೆಡ್ಡಿನ ಮುಂದೆ ಹಾದುಹೋಯಿತು. ತನ್ನ ಸರಪಳಿಯ ಗುರುತು ಹಿಡಿಯಿತು. ಸರಪಳಿ ಕಂಡರೆ ಎಳೆಯಬೇಕು ಅಂತ ಅದಕ್ಕೆ ಮರಿಯಿಂದಲೇ ಕಲಿಸಿದ್ದರು. ಸೊಂಡಿಲಲ್ಲಿ ಎತ್ತಿ ಹಲ್ಲಿಗೆ ಕಚ್ಚಿಕೊಂಡಿತು, ಒಮ್ಮೆ ಜಗ್ಗಿತು, ಕಂಬ ಕಿತ್ತು ಬಂತು. ಆಮೇಲೆ ಜೀಪನ್ನೂ ಕಂಬವನ್ನೂ ಎಳೆದುಕೊಂಡು ಏನೂ ಅವಸರವಿಲ್ಲದೆ ಹೊಳೆಯ ಕಡೆ ನಡೆಯಿತು. ಡ್ರೈವರ್ ಮಡಚದ ಮಂಡಿಯಲ್ಲೇ ಹಿಂದೆ ಓಡಿದ. ನಾನು ಇನ್ನೂ ಹಿಂದೆ.

ಹೊಳೆ ದಂಡೆಯಲ್ಲಿ ಆನೆ ಸರಪಳಿ ಬಿಟ್ಟು ನೀರಿಗಿಳಿಯಿತು. ಜೀಪಿಗೆ ಒಂದು ಗೀರೂ ಬಿದ್ದಿರಲಿಲ್ಲ. ಡ್ರೈವರ್ ಬಾನೆಟ್ಟಿನ ಮೇಲೆ ಹಣೆಯಿಟ್ಟು ಸುಧಾರಿಸಿಕೊಂಡ. ನಾನು ಮಾವುತನ ಮೇಲೆ ಹರಿಹಾಯ್ದೆ. ಅವನು ಬೀಡಿ ಹಚ್ಚುತ್ತಾ, ಆನೆ ತನ್ನ ಸಾಮಾನು ತಾನು ತೆಗೆದುಕೊಂಡಿದೆ, ನಿಮ್ಮ ಸಾಮಾನು ಅದಕ್ಕೆ ಕಟ್ಟಿದವರು ಯಾರು ಅಂತ ಕೇಳಿದ. ಸರಪಳಿಯನ್ನು ಅಲ್ಲೇ ವಾಪಸು ಕೊಟ್ಟೆವು.

೪. ಚೌಡಿಗೆ ಬಿಟ್ಟ ಜೀಪು

ನಮ್ಮ ಕಡೆ ಹಲಸಿನ ಹಣ್ಣಿಗೆ, ಬಾಳೆಗೊನೆಗೆ ಕಳ್ಳರ ಕಾಟ ಹೆಚ್ಚಾದರೆ ಪೂಜಾರಿಯಿಂದ ಒಂದು ಕೆಂಪು ಬಟ್ಟೆಯ ಗಂಟು ಕಟ್ಟಿಸಿ, ಇದು ಚೌಡಿಗೆ ಬಿಟ್ಟದ್ದು ಅಂತ ಸಾರಿಬಿಡುತ್ತಾರೆ. ಕದ್ದು ತಿಂದವರ ಹೊಟ್ಟೆ ಊದಿಕೊಳ್ಳುತ್ತದೆ ಅಂತ ನಂಬಿಕೆ. ಚೌಡಿ ಅಂದರೆ ತೋಟದ ಮೂಲೆಯ ಕಲ್ಲಿನಲ್ಲಿರುವ ನಮ್ಮ ದೇವಿ. ಬಹಳ ಕಟ್ಟುನಿಟ್ಟಿನವಳು.

ಡ್ರೈವರ್ ಪೂಜಾರಿಯನ್ನು ಕರೆಸಿ ಜೀಪಿನ ಗಾಜಿನ ಚೌಕಟ್ಟಿಗೆ ಗಂಟು ಕಟ್ಟಿಸಿದ. ನಾನು ಲೈನಿನ ಮುಂದೆ ನಿಂತು ದೊಡ್ಡ ದನಿಯಲ್ಲಿ ಸಾರಿದೆ. ಈ ಸಲ ಕಾವಲು ಗಟ್ಟಿಯಾಯಿತು. ಸಂತೆಯಲ್ಲಿ ಜನ ಜೀಪಿನಿಂದ ನಾಲ್ಕು ಮಾರು ದೂರ ಸುತ್ತಿಕೊಂಡು ಹೋಗತೊಡಗಿದರು. ಪಂಚರ್ ಹಾಕುವವನು ಚಕ್ರ ಬಿಚ್ಚಿ ತಂದರೆ ನೋಡುತ್ತೇನೆ, ಗಾಡಿ ಮಾತ್ರ ಮುಟ್ಟೆ ಅಂದ. ಡ್ರೈವರ್ ಕೂಡ ಪ್ರತಿ ಸಲ ಕೈಮುಗಿದೇ ಹತ್ತುತ್ತಿದ್ದ.

ಕಾಫಿ ಹಣ್ಣು ಕೊಯ್ಯುವ ಕಾಲ, ಒಂದು ಮಧ್ಯಾಹ್ನ. ಲೈನಿನ ಹಿರಿಯ ಅಜ್ಜಿಯ ಸೊಸೆಗೆ ನೋವು ಕಾಣಿಸಿಕೊಂಡಿತು. ಚೊಚ್ಚಲು. ಡ್ರೈವರ್ ಎರಡು ನಿಮಿಷದಲ್ಲಿ ಜೀಪು ತಂದು ನಿಲ್ಲಿಸಿದ. ಸೊಸೆ ಗಂಡನ ಭುಜ ಹಿಡಿದುಕೊಂಡು ಬಂದಳು. ಅಜ್ಜಿ ಅಡ್ಡ ನಿಂತಳು.

"ಚೌಡಿ ಸೊತ್ತು ಮುಟ್ಟಿದ್ರೆ ಹೊಟ್ಟೆ ಊದ್ಕೊಳ್ತದೆ ಅಂತ ನೀವೇ ಸಾರಿದ್ರಿ ರೈಟ್ರೆ. ಇವಳ ಹೊಟ್ಟೆ ಆಗ್ಲೇ ಈ ಮಟ್ಟಿಗದೆ."

ಅದು ಕಳ್ಳರಿಗೆ ಮಾತ್ರ ಅಂದೆ. ಯಾರು ಕಳ್ಳರು, ಯಾರು ಬಸುರಿ ಅಂತ ಚೌಡಿಗೆ ನೀವು ಚೀಟಿ ಬರೆದುಕೊಟ್ಟಿದ್ದೀರಾ ಅಂತ ಕೇಳಿದಳು. ಕೊಟ್ಟಿರಲಿಲ್ಲ. ಡ್ರೈವರ್ ಗಂಟು ಬಿಚ್ಚಲು ಹೋದ. ಕಟ್ಟಿದ ಪೂಜಾರಿಯೇ ಬಿಚ್ಚಬೇಕು ಅಂತ ಅಜ್ಜಿ ಅವನ ಕೈ ಹಿಡಿದಳು. ಪೂಜಾರಿ ಕೊಡ್ಲಿಪೇಟೆಗೆ ಹೋಗಿದ್ದ. ಆ ಹುಡುಗಿ ಕಲ್ಲಿನ ಮೇಲೆ ಕೂತು ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಯಾರೋ ಎತ್ತಿನ ಗಾಡಿ ಕಟ್ಟಿ ಅಂದರು. ಎತ್ತಿನ ಗಾಡಿ ಅಂದ ಕೂಡಲೇ ಡ್ರೈವರಿನ ಮುಖ ಬಿಳಿಚಿಕೊಂಡಿತು. ಜೀಪನ್ನು ಕಾಪಾಡಲು ಹೋಗಿ ಜೀಪಿದ್ದೂ ಇಲ್ಲದ ಹಾಗೆ ಮಾಡಿದೆವಲ್ಲ ಎಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಅಮ್ಮಾವ್ರು ಬರಿಗಾಲಲ್ಲೇ ಇಳಿದು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಕೆಂಪು ಗಂಟಿನ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ತಾಯಿ, ಈ ಗಾಡಿ ಈಗ ನಿಂದು, ನಮ್ದಲ್ಲ. ನಿನ್ನ ಗಾಡಿಲಿ ಒಬ್ಬ ಬಸುರಿನ ಆಸ್ಪತ್ರೆಗೆ ಕಳ್ಸಬೇಕು. ಬೇಡ ಅನ್ನೋದಾದ್ರೆ ಈಗ್ಲೇ ಹೇಳು."

ಎಲ್ಲರೂ ಉಸಿರು ಬಿಗಿಹಿಡಿದು ಕಾದೆವು. ಚೌಡಿ ಏನೂ ಹೇಳಲಿಲ್ಲ.

"ಬೇಡ ಅನ್ಲಿಲ್ಲ. ಹತ್ತಿ" ಅಂದರು ಅಮ್ಮಾವ್ರು. ಅಜ್ಜಿಯೇ ಎಲ್ಲರಿಗಿಂತ ಮೊದಲು ಹತ್ತಿದಳು.

ಆಸ್ಪತ್ರೆಗೆ ಎರಡು ಮೈಲಿ ಇರುವಾಗ ಅಮ್ಮಾವ್ರು ಗಾಡಿ ನಿಲ್ಲಿಸಲು ಹೇಳಿ ನಮ್ಮನ್ನು ಕೆಳಗಿಳಿಸಿದರು. ನಾನು, ಡ್ರೈವರ್, ಆ ಹುಡುಗಿಯ ಗಂಡ ಮೂವರೂ ಜೀಪಿಗೆ ಬೆನ್ನು ತಿರುಗಿಸಿ ಒಂದು ಕಾಫಿ ಗಿಡವನ್ನು ದಿಟ್ಟಿಸುತ್ತಾ ನಿಂತೆವು. ಅದರಲ್ಲಿ ಎಷ್ಟು ಹಣ್ಣಿತ್ತು ಅಂತ ಈಗಲೂ ಹೇಳಬಲ್ಲೆ. ಕೊನೆಗೆ ಮಗು ಅತ್ತಿತು. ಹೆಣ್ಣು. ಡ್ರೈವರ್ ಗಿಡಕ್ಕೇ ಕೈಮುಗಿದ.

ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಅವರನ್ನೂ ಕೂರಿಸಿಕೊಂಡು ವಾಪಸು ಬರುವಾಗ ಅಜ್ಜಿ, ಗಾಳಿ ಸೋಕದ ಹಾಗೆ ಬಾಣಂತಿಯ ಪಕ್ಕ ಒಂದು ಕಬ್ಬಿಣ ಇಡಬೇಕು, ಏನಾದರೂ ಇದೆಯಾ ಅಂತ ಕೇಳಿದಳು. ಇಡೀ ಗಾಡಿಯೇ ಕಬ್ಬಿಣ ಅಜ್ಜಿ, ಇನ್ನೆಷ್ಟು ಬೇಕು ಅಂದ ಡ್ರೈವರ್.

ಮನೆಗೆ ಬಂದದ್ದೇ ಅಜ್ಜಿ ತೀರ್ಪು ಕೊಟ್ಟಳು. ಮಗು ಹುಟ್ಟಿದ ಜಾಗ ಜೀಪು, ಆದ್ದರಿಂದ ಜೀಪಿಗೂ ಹನ್ನೊಂದು ದಿನ ಪುರುಡು, ಯಾರೂ ಮುಟ್ಟಕೂಡದು. ರೋಟರ್ ತೆಗೆಯುವಂತಿಲ್ಲ, ಶೆಡ್ಡಿಗೆ ತಳ್ಳುವಂತಿಲ್ಲ. ಅಂಗಳದ ನಡುವೆ ಹಗಲೂ ರಾತ್ರಿ ಬಯಲಲ್ಲೇ ನಿಂತಿತ್ತು. ಒಂದು ನೊಣವೂ ಹತ್ತಿರ ಸುಳಿಯಲಿಲ್ಲ. ಸಂತೆಯ ಜೀಪು ಕಳುವಾದಾಗಿನಿಂದ ನೆಟ್ಟಗೆ ನಿದ್ದೆ ಮಾಡಿರದ ಡ್ರೈವರ್ ಆ ಹನ್ನೊಂದು ದಿನ ಗೊರಕೆ ಹೊಡೆದದ್ದು ನನ್ನ ಮನೆಗೆ ಕೇಳುತ್ತಿತ್ತು. ಹನ್ನೆರಡನೆಯ ದಿನ ಅಮ್ಮಾವ್ರು ಹಂಡೆ ತುಂಬ ಬಿಸಿನೀರು ಕಾಯಿಸಿ, ಸೆರಗು ಸಿಕ್ಕಿಸಿಕೊಂಡು, ಜೀಪಿಗೆ ತಾವೇ ನೀರೆರೆದರು. ಪೂಜಾರಿ ಬಂದು ಗಂಟು ಬಿಚ್ಚಿದ.

ಆ ಮಗು ಮಾತ್ರ ವಿಚಿತ್ರದ್ದು. ತೊಟ್ಟಿಲಲ್ಲಿ ಹಾಕಿದರೆ ಲೈನು ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ಜೋಗುಳ ಹಾಡಿದರು, ಓಮದ ಹೊಗೆ ಹಾಕಿದರು, ದೃಷ್ಟಿ ತೆಗೆದರು. ಕೊನೆಗೆ ಅಜ್ಜಿ ಒಂದು ಮಧ್ಯಾಹ್ನ ಅದನ್ನು ತಂದು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಸ್ವಲ್ಪ ಚಾಲೂ ಮಾಡಪ್ಪ ಅಂದಳು. ಡ್ರೈವರ್ ಸ್ಟಾರ್ಟರ್ ಒತ್ತಿದ. ಇಂಜಿನ್ನು ಗುಡುಗುಟ್ಟಿತು, ಇಡೀ ಗಾಡಿ ನಡುಗಿತು. ಮಗು ಒಂದು ಸಲ ಆಕಳಿಸಿ ಕಣ್ಣು ಮುಚ್ಚಿತು.

ನಾನು ಆಫೀಸಿನಿಂದ ಹೊರಬಂದು ನೋಡುತ್ತೇನೆ: ಅಂಗಳದ ನಡುವೆ ಜೀಪು ಸ್ಟಾರ್ಟ್ ಆಗಿಯೇ ನಿಂತಿದೆ, ಸ್ಟಿಯರಿಂಗಿನ ಮುಂದೆ ಯಾರೂ ಇಲ್ಲ, ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದಾಳೆ, ಡ್ರೈವರ್ ಮಗುವಿಗೆ ಟವಲಿನಲ್ಲಿ ನೊಣ ಬೀಸುತ್ತಿದ್ದಾನೆ. ಯಾವ ಕಳ್ಳನಾದರೂ ಹತ್ತಿ ಹೊರಡುವುದೊಂದೇ ಬಾಕಿ. ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮಾವ್ರಿಗೆ ದೂರು ಹೇಳಲು ಬಾಯಿ ತೆರೆದೆ.

ಅಮ್ಮಾವ್ರು ತುಟಿಯ ಮೇಲೆ ಬೆರಳಿಟ್ಟರು.

"ಸುಮ್ನಿರಿ ರೈಟ್ರೆ. ಮಗು ಎದ್ದೀತು."