ಕಪ್ಪು ಪರದೆಯ ಬಲಮುರಿ ಗಣಪತಿ

ಕಂಪ್ಯೂಟರ್ ಇದ್ದ ಕಡೆ ಕೆಲಸ ಆಗುತ್ತೋ ಇಲ್ಲವೋ, ನೆನೆಸಿಕೊಂಡು ನಗುವಂಥ ಪ್ರಸಂಗ ವಾರಕ್ಕೊಂದಂತೂ ಆಗಿಯೇ ಆಗುತ್ತದೆ. ನಾನು ಗಣಿತದ ಮೇಷ್ಟ್ರಾಗಿದ್ದವನು. ನಮ್ಮ ವಿದ್ಯಾಸಂಸ್ಥೆಗೆ ಹಾಸನದಲ್ಲಿ ಹೆಡ್ಡಾಫೀಸು; ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದಲ್ಲಿ ಒಂದೊಂದು ಕಾಲೇಜು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಯಾರೋ ಪುಣ್ಯಾತ್ಮರು ತಾವು ಬಳಸಿ ಬಿಟ್ಟ ನಾಲ್ಕು ಕಂಪ್ಯೂಟರ್‌ಗಳನ್ನು ನಮಗೆ ದಾನ ಮಾಡಿದರು. ಲೆಕ್ಕ ಬರುವವನಿಗೆ ಇದೂ ಬರುತ್ತದೆ ಎಂದು ತೀರ್ಮಾನವಾಗಿ ನಾಲ್ಕೂ ನನ್ನ ತಲೆಗೆ ಬಂದವು.

1. ಐದು ಹೋಗಿ ಮೂರು

ಗುಂಡಿ ಒತ್ತಿದರೆ ಬಣ್ಣದ ಚಿತ್ರ ಇರುವ ಪರದೆ ಬರಬೇಕು. ಬರುತ್ತಿತ್ತು, ಇಲ್ಲ ಅನ್ನಲಾರೆ. ಗುಂಡಿ ಒತ್ತಿ, ಎದುರಿನ ಹೋಟೆಲಿಗೆ ಹೋಗಿ, ಖಾಲಿ ದೋಸೆ ತಿಂದು, ಕಾಫಿ ಕುಡಿದು, ಪಕ್ಕದ ಟೇಬಲ್ಲಿನವರ ಪೇಪರು ಓದಿ ವಾಪಸು ಬಂದರೆ ಚಿತ್ರ ಅರ್ಧ ಬಂದಿರುತ್ತಿತ್ತು. ಒಂದು ವಾರ ನೋಡಿದೆ. ಆಮೇಲೆ ಕೈಪಿಡಿ ಓದಿ, ಯಂತ್ರ ಹೇಗೆ ಏಳಬೇಕು ಎಂದು ಹೇಳುವ ಒಳಗಿನ ಒಂದು ಕಡತದಲ್ಲಿ ಐದು ಅಂತ ಇದ್ದ ಅಂಕಿಯನ್ನು ಮೂರು ಅಂತ ತಿದ್ದಿದೆ. ಅಷ್ಟೇ. ಚಿತ್ರದ ಗೊಡವೆಯೇ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಕೊನೆಗೆ ಮಿಟುಕುವ ಒಂದು ಗೀಟು. ಅಂಕಪಟ್ಟಿಗಳು ಪಟಪಟನೆ ತಯಾರಾಗತೊಡಗಿದವು. ನಾಲ್ಕು ಊರಲ್ಲೂ ಹಾಗೇ ಮಾಡಿ ಬಂದೆ.

ನಮ್ಮ ಕಾರ್ಯದರ್ಶಿಗಳಿಗೆ ಇದು ಹಿಡಿಸಲಿಲ್ಲ. ಅವರು ಭಾರಿ ಓಡಾಟದ ಮನುಷ್ಯ. ಕಾಗದಗಳನ್ನು ಕೆಳಗಿನ ಅಂಚು ಮಾತ್ರ ಕಾಣುವ ಹಾಗೆ ಹರವಿ ಇಟ್ಟರೆ, ಫೋನಿನಲ್ಲಿ ಮಾತಾಡುತ್ತಲೇ ಅಷ್ಟಕ್ಕೂ ಸಹಿ ಹಾಕಿಬಿಡುವವರು. ಮೇಲೇನಿದೆ ಎಂದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಪರದೆಯನ್ನು ಮಾತ್ರ ನೋಡಿದರು.

"ಏನ್ರೀ ಇದು, ಶ್ರಾದ್ಧದ ಮನೆ ಹಾಗಿದೆ? ಬಣ್ಣ ಎಲ್ಲಿ?"

"ಬಣ್ಣ ಬಂದರೆ ಕೆಲಸ ಬರಲ್ಲ ಸಾರ್."

"ಮುಂದಿನ ತಿಂಗಳು ಅಧ್ಯಕ್ಷರು ಕಂಪ್ಯೂಟರ್ ನೋಡೋಕೆ ಬರ್ತಾರೆ. ಅವರು ಚಿತ್ರ ನೋಡಬೇಕು. ನೋಡಲಿಲ್ಲವೋ, ಕೊಣನೂರಿನ ನಮ್ಮ ಹಾಸ್ಟೆಲಿಗೆ ವಾರ್ಡನ್ ಬೇಕಾಗಿದೆ, ನೀವು ಹೊರಡಿ."

ಕೊಣನೂರು ಒಳ್ಳೆಯ ಊರೇ. ಆದರೆ ಮಗಳು ಸೆಕೆಂಡ್ ಪಿಯುಸಿ. ಮನೆಗೆ ಬಂದು ಹೇಳಿದರೆ ಹೆಂಡತಿ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. "ಐದನ್ನ ಮೂರು ಮಾಡಿ ಅಂತ ನಿಮಗೆ ಯಾರು ಹೇಳಿದ್ರು? ಪಾಠ ಮಾಡುವಾಗಲೂ ಹೀಗೇ ಮಾಡ್ತೀರಾ?"

2. ಉಸಿರಾಡುತ್ತಿದೆ, ಕಣ್ಣು ಬಿಡುತ್ತಿಲ್ಲ

ಅರಕಲಗೂಡಿನಲ್ಲಿ ಬೆಳಿಗ್ಗೆ ಯಂತ್ರ ಹಾಕುವ ಕೆಲಸ ಅಟೆಂಡರಿನದು. ನಾನು ಐದನ್ನು ಮೂರು ಮಾಡಿ ಬಂದ ಮಾರನೆಯ ದಿನವೇ ಅವನ ಫೋನು.

"ಸಾ, ಕಂಪ್ಯೂಟ್ರು ಎದ್ದಿಲ್ಲ."

"ಏನು ಕಾಣುತ್ತಪ್ಪಾ?"

"ಕಪ್ಪುಗದೆ ಸಾ. ಒಂದು ಗೀಟು ಮಿಣಕ್ ಮಿಣಕ್ ಅಂತದೆ. ಉಸ್ರಾಡ್ತಾ ಅದೆ, ಕಣ್ ಬುಡ್ತಾ ಇಲ್ಲ."

"ಅದು ಎದ್ದಿದೆ ಕಣಯ್ಯ. ನೀನು ಯಾರು ಅಂತ ಕೇಳ್ತಾ ಇದೆ. ಹೆಸರು ಹೇಳು."

ಸ್ವಲ್ಪ ಹೊತ್ತು ಆ ಕಡೆಯಿಂದ ಏನೋ ಗೊಣಗೊಣ ಕೇಳಿಸಿತು. "ಹೇಳ್ದೆ ಸಾ. ನನ್ನೆಸ್ರು, ನಮ್ಮಪ್ಪನ್ ಹೆಸ್ರು, ಊರು ಎಲ್ಲಾ ಹೇಳ್ದೆ. ಜಗ್ತಾ ಇಲ್ಲ."

ಬಾಯಲ್ಲಿ ಅಲ್ಲ, ಬೆರಳಲ್ಲಿ ಅಂದೆ. ಹೆಸರು ಒತ್ತಿದ. ಈಗ ಗುಟ್ಟಿನ ಪದ ಒತ್ತು ಅಂದೆ. ಒತ್ತಿದ. ಒತ್ತಿಯೇ ಒತ್ತಿದ. ಫೋನಿನಲ್ಲಿ ಕಾಯಿ ಒಡೆದಂತೆ ಸದ್ದು ಬರತೊಡಗಿತು.

"ಒಂದಕ್ಸರಾನೂ ಬೀಳ್ತಾ ಇಲ್ಲ ಸಾ."

"ಅದು ಗುಟ್ಟು. ಪರದೆ ಮೇಲೆ ಯಾರಿಗೂ ಕಾಣಬಾರದು, ಅದಕ್ಕೇ ತೋರಿಸಲ್ಲ."

ಅವನು ಯೋಚಿಸಿದ. "ನನ್ ಗುಟ್ಟು ನಂಗೇ ಕಾಣಂಗಿಲ್ವಾ? ಅಂಗಾರೆ ನಾನ್ ಏನ್ ಒತ್ತುದ್ರೂ ಆಯ್ತದೆ ಬುಡಿ ಸಾ, ಅದುಕ್ಕೂ ಕಾಣಾಕಿಲ್ಲ."

3. ಕಂಪ್ಯೂಟರಿಗೆ ರಜೆ

ಚನ್ನರಾಯಪಟ್ಟಣದಲ್ಲಿ ಟೈಪಿಸ್ಟ್ ಅಮ್ಮನವರಿಗೆ ಕಪ್ಪು ಪರದೆ ಬಹಳ ಇಷ್ಟವಾಯಿತು. ಟೈಪ್‌ರೈಟರ್ ಇದ್ದ ಹಾಗೇ ಇದೆ, ರಿಬ್ಬನ್ ಬದಲಾಯಿಸುವ ಗೋಳಿಲ್ಲ ಅಂದರು. ಕಷ್ಟವಾದದ್ದು ಪ್ರಿನ್ಸಿಪಾಲರಿಗೆ. ಅವರಿಗೆ ಬರುತ್ತಿದ್ದದ್ದು ಮೌಸ್ ಒಂದೇ. ಕಪ್ಪು ಪರದೆಯಲ್ಲಿ ಅದನ್ನು ಎಷ್ಟು ಆಡಿಸಿದರೂ ಟೇಬಲ್ಲಿನ ಧೂಳು ಹೋಗುತ್ತದೆ, ಅಷ್ಟೇ.

ಆದರೂ ಪೋಷಕರು ಬಂದಾಗ ಕಂಪ್ಯೂಟರ್ ತೋರಿಸದೆ ಇರಲಾರರು. ಕೊನೆಗೆ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡರು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕೂತು ಗಂಭೀರವಾಗಿ ಮೌಸ್ ಆಡಿಸಿ ಟಕ್ ಅನ್ನಿಸುವುದು. ಅಮ್ಮನವರು ಪಕ್ಕದಲ್ಲಿ ನಿಂತು, ಸೆರಗಿನ ಮರೆಯಲ್ಲಿ ಕೀಲಿ ಒತ್ತುವುದು. ಹುಡುಗನ ಅಂಕ ಬರುತ್ತಿತ್ತು. ಪೋಷಕರು ಪ್ರಿನ್ಸಿಪಾಲರ ಕೈಯನ್ನೇ ನೋಡುತ್ತಿದ್ದರು.

ಒಂದು ದಿನ ಶಾಂತಿಗ್ರಾಮದಿಂದ ಒಬ್ಬರು ಮಗನ ಅಂಕ ಕೇಳಿಕೊಂಡು ಬಂದರು. ಪ್ರಿನ್ಸಿಪಾಲರು ಹುರುಪಿನಲ್ಲಿ ಕೂತು ಟಕ್ ಅನ್ನಿಸಿದರು. ಪರದೆ ಕಪ್ಪಗೇ ಇತ್ತು. ಮತ್ತೆ ಟಕ್. ಹಿಂತಿರುಗಿ ನೋಡಿದರೆ ಅಮ್ಮನವರು ಇಲ್ಲ. ನಾದಿನಿಯ ಮದುವೆಗೆ ಹೋಗಿದ್ದಾರೆ.

ಪ್ರಿನ್ಸಿಪಾಲರು ಎದ್ದು ಕನ್ನಡಕ ಒರೆಸಿಕೊಂಡರಂತೆ. "ನಾಳೆ ಬನ್ನಿ. ಕಂಪ್ಯೂಟರ್ ಇವತ್ತು ಸಿಎಲ್ ಹಾಕಿದೆ."

4. ಹೊಳೆನರಸೀಪುರದ ಪ್ರತಿಷ್ಠೆ

ಹೊಳೆನರಸೀಪುರದ ಹೆಡ್‌ಕ್ಲರ್ಕು ಅರ್ಚಕರ ಮನೆಯವರು. ಬಣ್ಣದ ದಿನಗಳಲ್ಲಿ ಅವರು ಪರದೆಗೆ ಗಣಪತಿಯ ಚಿತ್ರ ಹಾಕಿಸಿಕೊಂಡಿದ್ದರು. ದಿನಾ ಅದು ಬರುವವರೆಗೂ ಕೈ ಮುಗಿದು ಕೂತಿದ್ದು, ಆಮೇಲೆ ಕೆಲಸ. ನಾನು ಐದನ್ನು ಮೂರು ಮಾಡಿದ್ದೇ ಗಣಪತಿ ಮಾಯ.

"ದರ್ಶನ ಇಲ್ಲದೆ ಹೇಗೆ ಸಾರ್ ಆರಂಭ ಮಾಡೋದು?" ಅಂದರು. ಮೂರು ದಿನ ಮಾಡಲೂ ಇಲ್ಲ.

ನನಗೂ ಹುಮ್ಮಸ್ಸು ಬಂತು. ಕೂತುಕೊಂಡು ಬರೀ ನಕ್ಷತ್ರದ ಗುರುತು, ಓರೆ ಗೀಟು, ಸೊನ್ನೆಗಳನ್ನೇ ಜೋಡಿಸಿ ಒಬ್ಬ ಗಣಪತಿಯನ್ನು ಮಾಡಿದೆ. ಗುಂಡಿ ಒತ್ತಿದರೆ ಮೊದಲು ಅವನೇ ಕಾಣಬೇಕು, ಹಾಗೆ ಇಟ್ಟೆ. ಹೆಡ್‌ಕ್ಲರ್ಕಿಗೆ ಕಣ್ಣು ತುಂಬಿ ಬಂತು. ಮಾನಿಟರಿಗೆ ಗರಿಕೆ ಏರಿಸಿದರು.

ಹನ್ನೊಂದನೆಯ ದಿನ ಫೋನು. ಧ್ವನಿ ಇಳಿದಿತ್ತು. "ಸಾರ್, ಇವತ್ತು ಸರಿಯಾಗಿ ನೋಡಿದೆ. ಸೊಂಡಿಲು ಬಲಕ್ಕೆ ತಿರುಗಿದೆ. ಇದು ಬಲಮುರಿ. ಮಡಿಯಿಲ್ಲದೆ ಹತ್ತಿರ ಹೋಗೋ ಹಾಗಿಲ್ಲ."

"ಅಯ್ಯೋ, ಎಡಕ್ಕೆ ತಿರುಗಿಸಿಬಿಡ್ತೀನಿ ಬಿಡಿ. ನಾಲ್ಕು ನಕ್ಷತ್ರದ ಕೆಲಸ."

"ಪ್ರತಿಷ್ಠೆ ಆಗಿಹೋಗಿದೆಯಲ್ಲ ಸಾರ್. ಈಗ ಸೊಂಡಿಲು ಮುರಿಯೋದೇ?"

ಅಂದಿನಿಂದ ಆ ಕಾಲೇಜಿನಲ್ಲಿ ಕಂಪ್ಯೂಟರ್ ಮುಟ್ಟುವವರು ಸ್ನಾನ ಮಾಡಿ ಒದ್ದೆ ಪಂಚೆ ಉಡಬೇಕಾಯಿತು. ಭೌತಶಾಸ್ತ್ರದ ಮೇಷ್ಟ್ರು ಬೆಳಿಗ್ಗೆ ಮೊಟ್ಟೆ ತಿಂದು ಬಂದು ಅಂಕ ಏರಿಸಲು ಹೋದರೆ ಹೆಡ್‌ಕ್ಲರ್ಕು ಬಾಗಿಲಲ್ಲೇ ತಡೆದು, "ನೀವು ಹೇಳಿ, ನಾನು ಒತ್ತುತ್ತೀನಿ" ಅಂದರಂತೆ. ಒದ್ದೆ ಪಂಚೆಯಲ್ಲಿ ಕರೆಂಟಿನ ಮುಂದೆ ಕೂತವರಿಗೆ ಏನೂ ಆಗಲಿಲ್ಲ. ಅದನ್ನೂ ಅವರು ಬಲಮುರಿಯ ಮಹಿಮೆ ಎಂದೇ ಹೇಳಿದರು.

5. ವರ್ಗಾವಣೆಯ ಆದೇಶ

ಅಧ್ಯಕ್ಷರು ಮೊದಲು ಬರುವುದು ಹೊಳೆನರಸೀಪುರಕ್ಕೇ ಎಂದು ಗೊತ್ತಾಯಿತು. ಹಿಂದಿನ ದಿನ ಕಾರ್ಯದರ್ಶಿಗಳು ನನ್ನನ್ನು ಕರೆದು, "ಹೋಗಿ ಮೂರನ್ನ ಐದು ಮಾಡಿ ಬನ್ನಿ. ಹಾಗೇ ಇದನ್ನ ಹೆಡ್‌ಕ್ಲರ್ಕಿಗೆ ಕೊಡಿ, ನಮ್ಮ ಪ್ರಿಂಟರ್ ಕೆಟ್ಟಿದೆ" ಎಂದು ಒಂದು ಅಂಟಿಸಿದ ಲಕೋಟೆ ಕೊಟ್ಟರು. ಒಳಗೆ ಕಡತ ತುಂಬಿಕೊಂಡು ಒಯ್ಯುವ ಫ್ಲಾಪಿ. ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅದರಲ್ಲಿ ಇದ್ದದ್ದು ನನ್ನದೇ ಕೊಣನೂರಿನ ಆದೇಶ ಎಂದು ನನಗೇನು ಗೊತ್ತು.

ಹೆಡ್‌ಕ್ಲರ್ಕು ಐದು ಮಾಡಲು ಬಿಡಲಿಲ್ಲ. "ಕೂರಿಸಿದ ದೇವರನ್ನ ಹಾಗೇ ಎಬ್ಬಿಸೋಕಾಗಲ್ಲ. ವಿಸರ್ಜನೆ ಆಗಬೇಕು."

"ಕಂಪ್ಯೂಟರನ್ನೇ ಹೊಳೆಗೆ ಹಾಕ್ತೀರಾ?"

"ಫ್ಲಾಪಿಗೆ ಇಳಿಸಿ ಕೊಡಿ ಸಾಕು."

ಇಳಿಸಿ ಕೊಟ್ಟೆ. ಮೇಜಿನ ಮೇಲೆ ಇಟ್ಟು ಮಂಗಳಾರತಿ ಎತ್ತಿದರು. ಲಕೋಟೆಯಿಂದ ತೆಗೆದ ಫ್ಲಾಪಿಯೂ ಅಲ್ಲೇ ಪಕ್ಕದಲ್ಲಿತ್ತು. ಎರಡೂ ಕಪ್ಪು, ಎರಡಕ್ಕೂ ಚೀಟಿಯಿಲ್ಲ. ಕಣ್ಣು ಮುಚ್ಚಿ ಮಂತ್ರ ಹೇಳುತ್ತಾ ಒಂದನ್ನು ಎತ್ತಿಕೊಂಡು ಹೋಗಿ ಹೇಮಾವತಿಗೆ ಬಿಟ್ಟು ಬಂದರು. ಆಮೇಲೆ ನಾನು ಮೂರನ್ನು ಐದು ಮಾಡಿದೆ.

ಮರುದಿನ ಅಧ್ಯಕ್ಷರು ಬಂದರು, ಹಿಂದೆಯೇ ಕಾರ್ಯದರ್ಶಿಗಳು. ಗುಂಡಿ ಒತ್ತಿದೆ. ಅವರು ಉಪ್ಪಿಟ್ಟು ತಿಂದರು, ಕೇಸರಿಬಾತು ತಿಂದರು, ಎರಡು ಸಲ ಕಾಫಿ ಕುಡಿದರು. ಬಣ್ಣದ ಗಣಪತಿ ಹಣೆಯಷ್ಟು ಬಂದಿದ್ದ. "ಟೀವಿ ಆಮೇಲೆ ನೋಡೋಣ" ಎಂದು ಹೊರಟೇಹೋದರು. ಅವರ ಕಾರು ಸೇತುವೆ ದಾಟುವ ಹೊತ್ತಿಗೆ ಚಿತ್ರ ಪೂರ್ತಿ ಬಂತು.

ಕಾರ್ಯದರ್ಶಿಗಳು ನನ್ನ ಮುಖ ನೋಡಲಿಲ್ಲ. "ನಿನ್ನೆ ಕಳಿಸಿದ್ದನ್ನ ಪ್ರಿಂಟ್ ತೆಗೀರಿ. ಸಹಿ ಹಾಕೇ ಹೋಗ್ತೀನಿ" ಎಂದು ಹೆಡ್‌ಕ್ಲರ್ಕಿಗೆ ಹೇಳಿ, ಫೋನ್ ಹಿಡಿದು ಕೂತರು.

ಪ್ರಿಂಟರ್ ಕರ್ರೋ ಅಂದಿತು. ಕಾಗದ ಹರಿದು ನೋಡಿದ ಹೆಡ್‌ಕ್ಲರ್ಕಿನ ಮುಖ ಬಿಳುಪೇರಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಮೂವತ್ತು ವರ್ಷದ ಅಭ್ಯಾಸದಂತೆ, ಅದನ್ನು ಉಳಿದ ಕಾಗದಗಳ ಕೆಳಗೆ ಸೇರಿಸಿ, ಅಂಚು ಮಾತ್ರ ಕಾಣುವ ಹಾಗೆ ಹರವಿ ಇಟ್ಟರು. ಕಾರ್ಯದರ್ಶಿಗಳು ಫೋನಿನಲ್ಲಿ ಮಾತಾಡುತ್ತಾ ಅಷ್ಟಕ್ಕೂ ಸಹಿ ಹಾಕಿದರು. ಮೊಹರು ಬಿತ್ತು. ಲಕೋಟೆ ನನ್ನ ಕೈಗೆ ಬಂತು.

ಒಂದು ವಾರವಾದ ಮೇಲೆ ಕಾರ್ಯದರ್ಶಿಗಳು ಹಾಸನದಲ್ಲಿ ಎದುರಾದರು. "ಏನ್ರೀ, ಆದೇಶ ಕೊಟ್ಟು ವಾರ ಆಯ್ತು, ಇನ್ನೂ ಹೊರಟಿಲ್ಲ?"

"ಆದೇಶದಲ್ಲಿ ಎಲ್ಲಿಗೆ ಹೋಗಬೇಕು ಅಂತ ಬರೆದಿಲ್ಲ ಸಾರ್" ಎಂದು ಕಾಗದ ಕೊಟ್ಟೆ.

ಬಿಡಿಸಿ ನೋಡಿದರು. ನಕ್ಷತ್ರದ ಗಣಪತಿ. ಕೆಳಗೆ ಅವರದೇ ಸಹಿ, ಮೊಹರು, ರವಾನೆ ಸಂಖ್ಯೆ.

"ನಾನು ಬರೆಸಿದ್ದು ಎಲ್ಲಿ?"

"ಹೇಮಾವತಿಯಲ್ಲಿ ಸಾರ್. ಶಾಸ್ತ್ರೋಕ್ತವಾಗಿ ಬಿಟ್ಟಿದ್ದಾರೆ."

ಬಹಳ ಹೊತ್ತು ಕಾಗದ ನೋಡಿದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ. ಕೆಳಗೆ ನೋಡಿದರೆ ಅವರ ಕಾಲು ಮೆಲ್ಲಗೆ ಚಪ್ಪಲಿಯಿಂದ ಹೊರಗೆ ಬರುತ್ತಿತ್ತು.

"ಸೊಂಡಿಲು ಬಲಕ್ಕಿದೆಯಲ್ರೀ," ಅಂದರು, ಪಿಸುಮಾತಿನಲ್ಲಿ. "ಕೊಣನೂರಿನ ಮಾತು ಇಲ್ಲಿಗೆ ಬಿಡಿ. ನಾನು ಮಡಿಯಿಲ್ಲದೆ ಸಹಿ ಹಾಕಿದ್ದಕ್ಕೆ ಏನಾದರೂ ಪರಿಹಾರ ಇದೆಯಾ, ಆ ಹೆಡ್‌ಕ್ಲರ್ಕನ್ನ ಕೇಳಿ."