ಬಿಳಿ ಅಲಸಂದಿಗೆ ಎಷ್ಟು ಸೀಟಿ?

ಕುಕ್ಕರ್ ರಿಪೇರಿ ಅಂಗಡಿಗೆ ಬರೇ ಕುಕ್ಕರ್ ಬರಂಗಿಲ್ರಿ. ಅದರ ಬೆನ್ನಿಗೆ ಒಂದು ಮನಿ ಬರ್ತದ, ಆ ಮನಿ ಜಗಳ ಬರ್ತದ, ಕಡೀಗೆ ಆ ಮನ್ಯಾಗ ನಿನ್ನೆ ಏನು ಬೆಂದಿಲ್ಲ ಅನ್ನೋ ಸುದ್ದಿನೂ ಬರ್ತದ. ಜಹೀರಾಬಾದ್ ಬಸ್ ಸ್ಟ್ಯಾಂಡಿನ ಹತ್ರ ನನ್ನ ಅಂಗಡಿ ಅದ. ವಾರಕ್ಕೊಂದು ದಿನ ನಾರಾಯಣಖೇಡ ಸಂತಿಗೆ ಹೋಗಿ ಕೂಡ್ತೀನಿ. ಇಪ್ಪತ್ತು ವರ್ಷ ಆತು. ಇಂಥಾದೊಂದು ನಡೀಲಿಲ್ಲ ಅಂದ್ರ ಆ ದಿನ ನನಗ ಉಂಡಿದ್ದು ಕರಗಂಗಿಲ್ಲ.

ನನಗೊಂದು ಚಟ ಅದ. ಕೇಳೋ ಚಟ. ರಬ್ಬರ್ ಬದಲಿ ಮಾಡ್ಕೋತ ಮೆಲ್ಲಕ ಕೇಳ್ತೀನಿ, "ಅಕ್ಕಾರ, ಬಿಳಿ ಅಲಸಂದಿಗೆ ನೀವು ಎಷ್ಟು ಸೀಟಿ ಹೊಡಸ್ತೀರಿ?" ಒಬ್ಬಾಕಿ ಎರಡು ಅಂತಾಳ. ಇನ್ನೊಬ್ಬಾಕಿ ಐದು ಅಂತಾಳ. ಒಬ್ಬ ಅಜ್ಜಿ, ಸೀಟಿ ಗೀಟಿ ನನಗ ಗೊತ್ತಿಲ್ಲಪ್ಪ, ಮೊಮ್ಮಗಳು ಜಡಿ ಹಾಕ್ಕೊಂಡು ಮುಗಸೋದ್ರಾಗ ಬೆಂದಿರ್ತಾವ ಅಂದ್ಲು. ಎಲ್ಲಾ ಬರಕೊಳ್ಳಾಕ ಅಂಗಡ್ಯಾಗ ಒಂದು ವಹಿನೂ ಇಟ್ಟೀನಿ.

ಇಷ್ಟು ಕೇಳಾಕ ಕಾರಣ ಅದ ಮತ್ತ. ಇದು ನನ್ನ ಮರ್ಯಾದಿ ಪ್ರಶ್ನಿ. ನಮ್ಮತ್ತಿ ಊರು ತಾಂಡೂರಿನ ಆ ಕಡಿ, ಯಾಲಾಲ್ ಹತ್ರ. ಹನ್ನೆರಡು ವರ್ಷದ ಹಿಂದ ಅವರಿಗೆ ಐದು ಲೀಟರಿನ ಹೊಸಾ ಕುಕ್ಕರ್ ಒಯ್ದು ಕೊಟ್ಟಿದ್ದೆ. ಅವರು ಅದನ್ನ ರಟ್ಟಿನ ಡಬ್ಬಿ ಸುದ್ದಾ ಹಲಗಿ ಮ್ಯಾಲ ಏರಿಸಿಬಿಟ್ರು. ಕಾಳು ಕುದಿಯಾಗ ಅದರ ಮಾರಿ ನೋಡ್ಕೋತ ಇರಬೇಕಂತ. ಮಾರಿ ಮುಚ್ಚಿ ಬೇಯಿಸಿದ ಅಲಸಂದಿ ಅವರು ಉಣ್ಣಂಗಿಲ್ಲಂತ. ನನ್ನ ಷಡ್ಡಕ, ಅಂದ್ರ ಆ ಮನಿ ಇನ್ನೊಬ್ಬ ಅಳಿಯ, ಸಿಕ್ಕಾಗೊಮ್ಮೆ ಕೆಣಕ್ತಿದ್ದ, ಊರ ಮಂದಿ ಕುಕ್ಕರ್ ಎಲ್ಲಾ ಸೀಟಿ ಹೊಡಸ್ತಿ, ಅತ್ತಿ ಮನ್ಯಾಗ ಒಂದು ಸೀಟಿ ಹೊಡಸಾಕ ಆಗಿಲ್ಲಲ್ಲೋ ಅಂತ. ಅವತ್ತ ಠರಾಯಿಸಿದೆ. ಒಂದಿಲ್ಲೊಂದು ದಿನ ಅತ್ತಿ ಕುಕ್ಕರಿನ ಅಲಸಂದಿ ಉಂಡು, ಬಾಯಿ ಬಿಟ್ಟು "ಛಲೋ ಆಗ್ಯಾವ" ಅನ್ನಬೇಕು. ಅದಕ್ಕ ಸೀಟಿ ಲೆಕ್ಕ ಪಕ್ಕಾ ತಿಳೀಬೇಕಲ್ರಿ.

1. ಗ್ವಾಡಿ ಆಚಿ ಸೀಟಿ

ನಾರಾಯಣಖೇಡ ಸಂತ್ಯಾಗ ಒಬ್ಬ ಟೀಚರಬಾಯಿ ಕುಕ್ಕರ್ ತಂದ್ರು. ಅಲಸಂದಿ ಬೇಯವಲ್ಲವು, ದಿನಾ ಮೂರು ಸೀಟಿ ಹೊಡಸ್ತೀನಿ, ಆದ್ರೂ ಕಲ್ಲಿನಂಗ ಉಳಿತಾವ ಅಂದ್ರು. ನೋಡಿದೆ. ರಬ್ಬರ್ ಪೂರಾ ಸಡಲಾಗಿತ್ತು. ಉಗಿ ಎಲ್ಲಾ ಸುತ್ತಲಿಂದ ಹೋಗಿಬಿಡ್ತದ, ಸೀಟಿ ಏಳೋ ಮಾತೇ ಇಲ್ಲ. ಬಾಯಾರ, ಇದು ಸೀಟಿ ಹೊಡದು ವರ್ಷ ಆಗಿರಬೇಕು ಅಂದೆ. ಅವರಿಗೆ ಸಿಟ್ಟು ಬಂತು. ನಾ ಏನು ಕಿವುಡಿ ಏನು, ದಿನಾ ಕಿವಿಲೆ ಕೇಳ್ತೀನಿ ಅಂದ್ರು.

ನನಗ ನಿದ್ದಿ ಬರಂಗಿಲ್ರಿ ಇಂಥಾದು ಬಿಟ್ರ. ಸಂತಿ ಮುಗಿದ ಮ್ಯಾಲ, ಒಮ್ಮೆ ಇಟ್ಟು ತೋರಸ್ರಿ ಅಂತ ಅವರ ಮನಿಗೇ ಹೋದೆ. ಕಾಳು ಹಾಕಿ ಒಲಿ ಹಚ್ಚಿದ್ರು. ನನಗ ಚಾ ಕೊಟ್ರು. ಜರಾ ಹೊತ್ತಿಗೆ ಜೋರಾಗಿ ಒಂದು ಸೀಟಿ ಬಂತು. ನೋಡ್ರಿ ಅಂತ ನನ್ನ ಕಡಿ ನೋಡಿದ್ರು. ಎರಡು ಬಂತು, ಮೂರು ಬಂತು, ಎದ್ದು ಹೋಗಿ ಗ್ಯಾಸ್ ಬಂದ್ ಮಾಡಿದ್ರು. ನಾ ಹೋಗಿ ಮುಚ್ಚಳ ಮುಟ್ಟಿದ್ರ ಅದು ಹಲ್ಲು ಬಿದ್ದವರಂಗ ಗಡಗಡ ಅಲ್ಲಾಡಾಕ ಹತ್ತಿತ್ತು. ಸೀಟಿ ಬಂದದ್ದು ಗ್ವಾಡಿ ಆಚಿ ಮನಿಂದ. ನಡುವ ಒಂದು ಕಿಟಕಿ, ಅಷ್ಟ.

ಅಷ್ಟರಾಗ ಆಚಿ ಮನ್ಯಾಕಿ ಸಕ್ಕರಿ ಕೇಳಾಕ ಬಂದ್ಲು. ಎಲ್ಲಾ ಕೇಳಿ ನಕ್ಕಳು. ತಮ್ಮ ಮನ್ಯಾಗ ಮೂರು ಸೀಟಿಗೆ ಅನ್ನ ಮುದ್ದಿ ಆಗಾಕ ಹತ್ತ್ಯದ, ನಾಳಿಂದ ಎರಡಕ್ಕ ಬಂದ್ ಮಾಡ್ತೀನಿ ಅಂದ್ಲು. ಟೀಚರಬಾಯಿ ಗಾಬರಿ ಆಗಿ ಆಕಿ ಕೈ ಹಿಡಕೊಂಡ್ರು.

"ಹಂಗ ಮಾಡಬ್ಯಾಡ ತಾಯಿ, ನಮ್ಮ ಅಲಸಂದಿ ಇನ್ನಾ ಹಸಿ ಉಳಿತಾವ."

2. ಬಾಯಿ ಬಿಡದ ಕುಕ್ಕರ್

ಜಹೀರಾಬಾದಿನಾಗ ಟ್ರ್ಯಾಕ್ಟರ್ ಕಾರ್ಖಾನಿಗೆ ಹೋಗೋ ನಾಲ್ಕು ಮಂದಿ ಒಂದು ರೂಮ್ ಹಿಡದಾರ. ದಿನಾ ಇಂಜಿನ್ ಬಿಚ್ಚಿ ಜೋಡಸೋ ಮಂದಿ. ಒಂದಿನ ನಾಲ್ಕೂ ಮಂದಿ ಒಂದು ಕುಕ್ಕರ್ ಹೊತ್ಕೊಂಡು ಬಂದ್ರು. ಮುಚ್ಚಳ ಬರವಲ್ದು. ಇದು ಮುಚ್ಚಳ ಒಳಗ ಕೂಡೋ ಜಾತಿದು. ಜರಾ ಕೆಳಗ ಒತ್ತಿ, ತಿರುವಿ, ಓರೆ ಮಾಡಿ ಹೊರಗ ತೆಗೀಬೇಕು. ನಾ ಒತ್ತಿದ್ರ ಕೂದಲೆಳಿಯಷ್ಟೂ ಕೆಳಗ ಇಳೀಲಿಲ್ಲ.

ಏನು ಇಟ್ಟೀರಿ ಒಳಗ ಅಂತ ಕೇಳಿದೆ. ಅಲಸಂದಿ ನೆನಿ ಇಟ್ಟೀವಿ ಅಂದ್ರು. ಎಷ್ಟು? ಮುಕ್ಕಾಲು ಕುಕ್ಕರ್. ಇಲಿ ಬರ್ತಾವಂತ ಮುಚ್ಚಳ ಹಾಕಿ ಮಲಗ್ಯಾರ. ಮುಂಜಾನಿ ಏಳೋದ್ರಾಗ ಕಾಳು ಉಬ್ಬಿ ಉಬ್ಬಿ ಒಳಗಿಂದ ಮುಚ್ಚಳಕ್ಕ ಭುಜಾ ಕೊಟ್ಟು ನಿಂತಾವ. ಇನ್ನ ಒತ್ತೋದೆಲ್ಲಿ ಬಂತು?

ಸೀಟಿ ಕೊಳವಿ ಬಿಚ್ಚಿ, ಆ ತೂತಿನಾಗಿಂದ ಸೂಜಿಲೆ ಚುಚ್ಚಿ ಒಂದೊಂದ ಕಾಳು ಎಳಿಯಾಕ ಹತ್ತಿದ್ವಿ. ಪಾಳಿ ಹಾಕ್ಕೊಂಡ್ವಿ. ಬಸ್ಸಿಗೆ ಹೋಗೋ ಮಂದಿ ನಿಂತು ನೋಡಿ, ಏನು ಆಪರೇಷನ್ ನಡೆದದ ಅಂತ ಕೇಳಿ ಹೋದ್ರು. ಮಧ್ಯಾಹ್ನ ದಾಟಿದ ಮ್ಯಾಲ ಮುಚ್ಚಳ ಜರಾ ಇಳೀತು, ತಿರುವಿ ತೆಗದೆ. ನಾಲ್ಕೂ ಮಂದಿ ಚಪ್ಪಾಳಿ ಹೊಡದ್ರು.

ನಾ ಕೈ ತೊಳಕೊಂಡು ಬರೋದ್ರಾಗ, ಅವರಾಗ ಶಾಣ್ಯಾ ಇದ್ದವ ಚುಚ್ಚಿ ತೆಗೆದ ಕಾಳೆಲ್ಲಾ ತಿರುಗಿ ಕುಕ್ಕರಿಗೆ ಸುರುವಿ, ಆಟೋದಾಗ ಚೆಲ್ಲಬಾರದಂತ ಮುಚ್ಚಳ ಹಾಕಾಕ ಹತ್ತಿದ್ದ. ನಾ ಓಡಿ ಬಂದು ಕಸಗೊಂಡೆ. ಮುಚ್ಚಳ ಎರಡು ದಿನ ನನ್ನ ಅಂಗಡ್ಯಾಗೇ ಇತ್ತು.

3. ಬಸ್ಸಿನಾಗ ಯಾರು ಊದಿದ್ರು?

ಮೊಗುಡಂಪಲ್ಲಿ ಕಡಿಂದ ಬೀದರಿಗೆ ಹೋಗೋ ಬಸ್ಸಿನಾಗ ನಾ ಕುಂತಿದ್ದೆ. ಕಂಡಕ್ಟರ್ ಒಂದು ಸೀಟಿ ಊದಿದ್ರ ನಿಲ್ಲಸೋದು, ಎರಡು ಊದಿದ್ರ ಬಿಡೋದು. ಊರು ದಾಟಿ ಜರಾ ಮುಂದ ಬಂದಿದ್ವಿ, ಒಂದು ತಗ್ಗಿಗೆ ಬಸ್ ಧಡ್ ಅಂತು, ಒಂದು ಸೀಟಿ ಬಂತು. ಡ್ರೈವರ್ ನಿಲ್ಲಿಸಿದ. ಯಾರೂ ಇಳೀಲಿಲ್ಲ. ಕಂಡಕ್ಟರ್ ನಾ ಊದೇ ಇಲ್ಲ ಅಂದ. ಮತ್ತ ಬಸ್ ಬಿಟ್ಟಿತು, ಮತ್ತ ತಗ್ಗು, ಮತ್ತ ಸೀಟಿ, ಮತ್ತ ನಿಂತಿತು. ಡ್ರೈವರ್ ತೆಲುಗಿನ್ಯಾಗ ಬೈದ, ಕಂಡಕ್ಟರ್ ಕನ್ನಡದಾಗ ಬೈದ, ಹಿಂದಿನ ಸೀಟಿನವರು ಉರ್ದುವಿನ್ಯಾಗ ಇಬ್ಬರಿಗೂ ಬೈದ್ರು.

ನನ್ನ ಕಿವಿ ಮೋಸ ಹೋಗಂಗಿಲ್ಲ. ಮುಂದಿನ ಸೀಟಿನಾಗ ಬೀದರಿನ ಆಫೀಸಿಗೆ ಹೋಗೋ ಒಬ್ಬಾಕಿ ಕಾಲಾಗ ಚೀಲ ಇಟ್ಕೊಂಡಿದ್ಲು. ಬಗ್ಗಿ ನೋಡಿದ್ರ ಕುಕ್ಕರ್. ಮನಿ ಮುಂದ ಬಸ್ ಬಂತಂತ ಒಲಿ ಮ್ಯಾಲಿಂದ ಹಂಗ ಎತ್ತಿ, ಟವೆಲ್ ಸುತ್ತಿ ತಂದಾಳ. ಆಫೀಸಿನಾಗ ಎಲ್ಲಾರೂ ಕೂಡಿ ಉಣ್ಣೋ ದಿನ ಅಂತ. ಗಾಡಿ ಜಿಗದಾಗೊಮ್ಮೆ ಮ್ಯಾಲಿನ ತೂಕ ಜಿಗದು ಒಳಗಿನ ಉಗಿ ಕೂಗ್ತದ.

ಏನ್ರಿ ಒಳಗ ಅಂದೆ. ಬಿಳಿ ಅಲಸಂದಿ ಅಂದ್ಲು. ನನಗ ಮೈಮ್ಯಾಲ ದೇವರು ಬಂದಂಗ ಆತು. ಎಷ್ಟು ಸೀಟಿ ಅಂದೆ. ನಾಲ್ಕು ಬೇಕ್ರಿ, ಮನ್ಯಾಗ ಒಂದ ಆಗಿತ್ತು ಅಂದ್ಲು. ಅದನ್ನ ಕೇಳಿ ಡ್ರೈವರ್ ಬಸ್ ಪೂರಾ ಬಂದ್ ಮಾಡಿ, ಹಿಂದ ತಿರುಗಿ ಕಂಡಕ್ಟರಿಗೆ ಹೇಳಿದ.

"ಅಕ್ಕಂದು ಇನ್ನೊಂದು ಬಾಕಿ ಅದ. ಅದೂ ಆಗಲಿ, ಆಮ್ಯಾಲ ಹೋಗೋಣ."

4. ಅತ್ತಿ ಮನಿ ಕುಕ್ಕರ್

ಈ ವರ್ಷ ಮಳಿಗಾಲ ಇನ್ನೇನು ಶುರು ಆಗ್ತದ ಅನ್ನೋವಾಗ ಹೆಂಡತಿನ್ನ ಕರಕೊಂಡು ಅತ್ತಿ ಊರಿಗೆ ಹೋದೆ. ಚಾ ಕುಡದ ಮ್ಯಾಲ ಅತ್ತಿ, ನನ್ನ ಹೆಂಡತಿ ಇಬ್ಬರೂ ಓಣ್ಯಾಗ ಒಂದು ಕೂಸಿನ ತೊಟ್ಟಲ ಕಾರ್ಯಕ್ಕ ಹೋದ್ರು. ನಾ ಒಬ್ಬನ ಉಳದೆ.

ಸುಮ್ಮ ಕೂಡೋ ಮನಷ್ಯಾ ಅಲ್ಲ ನಾ. ಅಡಗಿ ಮನ್ಯಾಗ ಇಣಕಿದೆ. ಹಲಗಿ ಮ್ಯಾಲ ನಾ ಕೊಟ್ಟ ಕುಕ್ಕರ್ ಕುಂತದ, ರಟ್ಟಿನ ಡಬ್ಬಿ ಇಲ್ಲ. ಹನ್ನೆರಡು ವರ್ಷಕ್ಕ ಹೊರಗ ಬಂದದ. ಇಳಿಸಿ ಮುಚ್ಚಳ ತೆಗದೆ. ಒಳಗ ಬಿಳಿ ಅಲಸಂದಿ, ಸೇರಿನಷ್ಟು.

ಖರೇ ಹೇಳ್ತೀನಿ, ಕಣ್ಣಾಗ ನೀರು ಬಂತು. ಅತ್ತಿ ಕಡೀಗೂ ಸೋತಾರ, ಬಾಯಿ ಬಿಟ್ಟು ಹೇಳಾಕ ನಾಚಿಕಿ, ಅಳಿಯ ಬರ್ತಾನಂತ ಕಾಳು ಹಾಕಿ ಇಟ್ಟಾರ, ಸೀಟಿ ಲೆಕ್ಕ ತಿಳೀದ ಅಲ್ಲಿಗೇ ಬಿಟ್ಟಾರ. ಹಿಂಗ ಅಂದ್ಕೊಂಡೆ. ಕಾಳಿಗೆ ಬೂದಿ ಹತ್ತಿತ್ತು. ಧೂಳ ಇರಬೇಕಂತ ಮೂರು ಸಲ ತೊಳದೆ. ನಡುವ ಒಣಗಿದ ಬೇವಿನ ಎಲಿ ಇದ್ದವು. ಆಯ್ದು ಚೆಲ್ಲಿದೆ. ಒಕ್ಕಲತನ ಮಾಡೋ ಮಂದಿ ಆಗಿದ್ರ ಅಲ್ಲೇ ಕೈ ತಡೀತಿದ್ರು. ನನಗ ಕುಕ್ಕರ್ ಕಂಡ್ರ ಬ್ಯಾರೆ ಏನೂ ಕಾಣಂಗಿಲ್ಲ. ನೀರು ಹಾಕಿ, ಉಪ್ಪು ಹಾಕಿ, ಗ್ಯಾಸ್ ಹಚ್ಚಿದೆ.

ಅಷ್ಟರಾಗ ಕುಕ್ಕರಿನವರು ಬಂದಾರಂತ ಓಣಿ ಹೆಣ್ಣಮಕ್ಕಳು ಇಬ್ಬರು ತಮ್ಮ ಕುಕ್ಕರ್ ಹಿಡಕೊಂಡು ಬಂದ್ರು. ಕಟ್ಟಿ ಮ್ಯಾಲ ಕುಂತು ರಬ್ಬರ್ ಹ್ಯಾಂಗ ತೊಳೀಬೇಕು, ಎಣ್ಣಿ ಯಾವಾಗ ಹಚ್ಚಬೇಕು ಅಂತ ಭಾಷಣ ಹಚ್ಚಿದೆ. ಒಳಗ ಸೀಟಿ ಬಂತು. ಹನ್ನೆರಡು ವರ್ಷಕ್ಕ ಅತ್ತಿ ಮನ್ಯಾಗ ಸೀಟಿ! ಷಡ್ಡಕ ಇರಬೇಕಿತ್ತು ಅನ್ನಿಸ್ತು. ಖುಷಿಯಾಗ ಭಾಷಣ ಇನ್ನಾ ಜೋರಾತು. ಅದು ಮುಗದ ಮ್ಯಾಲ ಹೋಗಿ ಬಂದ್ ಮಾಡಿದೆ.

ಮುಚ್ಚಳ ತೆಗದ್ರ, ಏನು ಹೇಳಲಿ. ಒಂದು ಕಾಳೂ ಒಡದಿಲ್ಲ, ಎರಡು ಬೆರಳಿನ್ಯಾಗ ಹಿಡದ್ರ ಬೆಣ್ಣಿ. ಇಪ್ಪತ್ತು ವರ್ಷದಾಗ ಅಂಥಾ ಅಲಸಂದಿ ನಾ ನೋಡಿದ್ದಿಲ್ಲ. ಬಳ್ಳೊಳ್ಳಿ ಒಗ್ಗರಣಿ ಕೊಟ್ಟು, ಬಾಗಿಲದಾಗ ನಿಂತು ಕಾಯಾಕ ಹತ್ತಿದೆ.

ಅತ್ತಿ ಬಂದ್ರು. ಮೊದಲ ಹಲಗಿ ನೋಡಿದ್ರು. ಆಮ್ಯಾಲ ಒಲಿ ನೋಡಿದ್ರು.

"ಅಳ್ಯಾರ, ಅದರಾಗಿನ ಕಾಳು ಎಲ್ಲಿ ಅವ?"

"ಬೆಂದಾವ್ರಿ ಅತ್ತಿ. ಹೂವಿನಂಗ ಬೆಂದಾವ."

ಅವರು ಹೊಸ್ತಿಲದ ಹತ್ರ ಹಂಗ ಕುಂತುಬಿಟ್ರು. ನನ್ನ ಹೆಂಡತಿ ಹಣಿ ಹಣಿ ಬಡಕೊಂಡ್ಲು. ಅವು ಉಣ್ಣೋ ಕಾಳಲ್ಲ, ಬಿತ್ತೋ ಬೀಜ ಅಂದ್ಲು. ಅತ್ತಿ ಈ ಮನಿಗೆ ಮದುವಿ ಆಗಿ ಬರೋವಾಗ ಅವರ ಅವ್ವ ಸೆರಗಿನ್ಯಾಗ ಕಟ್ಟಿ ಕೊಟ್ಟ ಬೀಜ. ವರ್ಷಾ ತೊಗರಿ ಸಾಲಿನ ನಡುವ ಹಾಕೋದು, ಬೆಳದದ್ರಾಗ ಛಲೋದು ಆರಿಸಿ ಮತ್ತ ಇಡೋದು. ಹಿಂದಿನ ವರ್ಷ ಡಬ್ಬ್ಯಾಗ ಇಟ್ಟದ್ದಕ್ಕ ಹುಳಾ ಹತ್ತಿ ಅರ್ಧ ಹಾಳಾಗಿತ್ತಂತ. ಕುಕ್ಕರಿನ ಮುಚ್ಚಳದಷ್ಟು ಬಿಗಿ ಯಾವುದೂ ಇಲ್ಲ ಅಂತ ಈ ಸಲ ಅದರಾಗ ಇಟ್ಟು, ಅಳಿಯ ಎಂಥಾ ಬೀಜದ ಡಬ್ಬಿ ಕೊಟ್ಟಾನ ನೋಡ್ರಿ ಅಂತ ಓಣಿ ತುಂಬಾ ಹೇಳಿಕೊಂಡು ಬಂದಿದ್ರಂತ. ಮಳಿ ಬಿದ್ದ ಕೂಡ್ಲೆ ಬಿತ್ತಾಕ ಇಟ್ಟದ್ದು ಅದು. ಅದಕ್ಕ ನಾ ಒಗ್ಗರಣಿ ಕೊಟ್ಟಿದ್ದೆ.

ನನಗ ಭೂಮಿ ಬಾಯಿ ಬಿಟ್ರ ಸಾಕು ಅನ್ನಿಸ್ತು. ಇಷ್ಟು ವರ್ಷ ಊರ ಮಂದಿಗೆಲ್ಲಾ ಪ್ರಶ್ನಿ ಕೇಳಿದವ, ಕೇಳಬೇಕಾದಲ್ಲಿ ಒಂದು ಮಾತು ಕೇಳಲಿಲ್ಲ. ತಪ್ಪಾತ್ರಿ ಅತ್ತಿ ಅಂದೆ. ಅವರು ಎದ್ದು ಕೈ ತೊಳಕೊಂಡು, ಮಗಳಿಗೆ ರೊಟ್ಟಿ ಹಾಕಾಕ ಹೇಳಿದ್ರು. ಒಂದು ಕಾಳು ಬೆರಳಿನ್ಯಾಗ ಹಿಡದು ನೋಡಿದ್ರು. ಬಾಯಾಗ ಹಾಕ್ಕೊಂಡ್ರು. ಇನ್ನೊಂದು ತುತ್ತು ಉಂಡ್ರು.

"ಛಲೋ ಆಗ್ಯಾವ," ಅಂದ್ರು.

ಹನ್ನೆರಡು ವರ್ಷ ಕಾದ ಮಾತು ಬಂತು, ನಾ ತಲಿ ಎತ್ತದ ರೊಟ್ಟಿ ಮುರಕೋತ ಕುಂತೆ.

ಉಂಡು ಎದ್ದು ಮಗಳನ್ನ ಓಣಿಗೆ ಕಳಿಸಿದ್ರು. ಅವರ ಊರಾಗ ಒಂದು ಪದ್ಧತಿ ಅದ. ಬೀಜ ಕೇಳಿದವರಿಗೆ ಇಲ್ಲ ಅನ್ನಂಗಿಲ್ಲ. ಒಯ್ದವರು ಬೆಳದ ಮ್ಯಾಲ ತಾವೂ ಬೀಜ ಇಟ್ಕೋಬೇಕು, ಕೊಟ್ಟ ಮನ್ಯಾಗ ಕಡಿಮಿ ಬಿದ್ರ ತಿರುಗಿ ತರಬೇಕು. ನಮ್ಮತ್ತಿ ಎಷ್ಟೋ ಮನಿಗೆ ಕೊಟ್ಟಿದ್ರು. ಹೊತ್ತು ಮುಳಗೋದ್ರಾಗ ಒಬ್ಬೊಬ್ಬಾಕಿ ಸೆರಗಿನ್ಯಾಗ ಒಂದೊಂದು ಬೊಗಸಿ ಕಟ್ಕೊಂಡು ಬಂದ್ರು. ಬೀಜ ಸುರುವೋದು, ಒಂದು ಬಟ್ಟಲ ಅಲಸಂದಿ ಉಂಡು ಹೋಗೋದು. ನಾ ಕುಕ್ಕರ್ ತಿಕ್ಕಿ, ಒಣಗಿಸಿ, ನನ್ನ ಕೈಲೆ ಬೂದಿ ಹಚ್ಚಿ ಬೀಜ ತುಂಬಿದೆ. ಮೊದಲಿಗಿಂತ ಒಂದು ಹಿಡಿ ಹೆಚ್ಚೇ ಆತು.

ಉಂಡವರೆಲ್ಲಾ ಕೇಳಿದ್ದು ಒಂದೇ ಮಾತು. ಇಷ್ಟು ಛಲೋ ಬೆಂದಾವಲ್ರಿ, ಎಷ್ಟು ಸೀಟಿ ಹೊಡಿಸಿದ್ರಿ? ಕಟ್ಟಿ ಮ್ಯಾಲ ನನ್ನ ಭಾಷಣ ಕೇಳಿದ ಇಬ್ಬರ ಮಾರಿ ನೋಡಿದೆ. ಅವರು ನನ್ನ ಮಾರಿ ನೋಡಿದ್ರು. ಯಾರೂ ಎಣಿಸಿದ್ದಿಲ್ಲ. ನನ್ನ ವಹ್ಯಾಗ ಆ ಹಾಳಿ ಇವತ್ತಿಗೂ ಖಾಲಿ ಅದ.

ಮರುದಿನ ಬಸ್ಸಿಗೆ ಬಿಡಾಕ ಅತ್ತಿ ರಸ್ತೆತನ ಬಂದ್ರು. ಬಸ್ ಬರೋ ಹೊತ್ತಿಗೆ ಜರಾ ಸಂಕೋಚದ್ಲೆ, ಅಳ್ಯಾರ, ಮುಂದಿನ ಸಲ ಬರೋವಾಗ ಇನ್ನೊಂದು ಕುಕ್ಕರ್ ತಗೊಂಡು ಬರ್ರಿ ಅಂದ್ರು. ನನಗ ಕುಣಿಯೋಷ್ಟು ಖುಷಿ ಆತು. ರುಚಿ ಹತ್ತ್ಯದ, ಇನ್ನ ಅಡಗಿಗೂ ಒಂದು ಬೇಕಾಗ್ಯದ ಅಂದ್ಕೊಂಡೆ.

"ತರ್ತೀನ್ರಿ ಅತ್ತಿ. ಎಷ್ಟು ಲೀಟರಿಂದು ತರಲಿ?"

"ಎಷ್ಟರದಾದ್ರೂ ಇರಲಿ," ಅಂದ್ರು. "ಕೀಲಿ ಹಾಕಾಕ ಬರಬೇಕು."