ಹೆಂಡತಿ ಒಂಬತ್ತು ದಿನ ಮುಂಚೆ ಹೋದ ಅಪರಾಧದ ಬಗ್ಗೆ

ಖಾಯಂ ವಾಸದ ಪರವಾನಗಿ ವಿಭಾಗದ ಹಿರಿಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವು, ತಮ್ಮ ಕುಟುಂಬ, ತಮ್ಮ ಮೇಜು ಮತ್ತು ಮೇಜಿನ ಮೇಲಿನ ಮೊಹರು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನೂ, ತಾವು ಯಾರ ಕಾರ್ಡನ್ನು ರದ್ದುಪಡಿಸಿದಿರೋ ಆ ನನ್ನ ಹೆಂಡತಿಯೂ ಕ್ಷೇಮ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ನನ್ನ ನಾಲ್ಕು ಪತ್ರಗಳನ್ನು ಬಿಚ್ಚಿ ನೋಡುವ ಶ್ರಮ ತಮಗೆ ಆಗದೇ ಹೋದದ್ದರಿಂದ, ಈ ಸಲ ಬಿಚ್ಚಿಯೇ ಇರುವ ಪತ್ರವನ್ನು ಬರೆಯುತ್ತಿದ್ದೇನೆ.

ತಮ್ಮ ಜ್ಞಾಪಕಕ್ಕೆ ತರುವುದಾದರೆ, ನಾನೊಬ್ಬ ಬಾಯ್ಲರ್ ಮೆಕ್ಯಾನಿಕ್, ಹುಟ್ಟಿನಿಂದಲೇ ತಮ್ಮ ದೇಶದ ಪ್ರಜೆ. ಅವಳು ನನ್ನನ್ನು ಮದುವೆಯಾಗಿ ಬಂದವಳು, ಖಾಯಂ ವಾಸದ ಕಾರ್ಡಿನವಳು. ಕಂಪನಿಯವರು ನನ್ನನ್ನು ಈ ಪರದೇಶದ ಬಟ್ಟೆ ಗಿರಣಿಗೆ ಕಳಿಸಿ ನಾಲ್ಕು ವರ್ಷವಾಯಿತು. ಕಾರ್ಡ್ ಉಳಿಯಬೇಕಾದರೆ ಐದು ವರ್ಷದಲ್ಲಿ ಎರಡು ವರ್ಷವಾದರೂ ದೇಶದೊಳಗೆ ಇರಬೇಕು, ಆದರೆ ಪ್ರಜೆಯಾದ ಗಂಡನ ಜೊತೆ ಹೊರಗೆ ಹೋದವಳಿಗೆ ಹೊರಗಿದ್ದ ದಿನಗಳೂ ಒಳಗಿದ್ದ ದಿನಗಳೇ ಎಂದು ತಮ್ಮ ನಿಯಮವೇ ಹೇಳುತ್ತದೆ. ಅದನ್ನು ಎರಡೆರಡು ಸಲ ಓದಿ ನಾವು ನಿಶ್ಚಿಂತೆಯಿಂದ ಇದ್ದೆವು. ಓದಲು ಬರುವವರ ಹಣೆಬರಹ ಇಷ್ಟೇ.

ತಪ್ಪು ನಡೆದದ್ದು ಹೊರಡುವ ವಾರದಲ್ಲಿ. ಹಳೇ ಕಾರ್ಖಾನೆಯ ಬಾಯ್ಲರನ್ನು ಆರಿಸಿ, ಬಿಚ್ಚಿ, ತಪಾಸಣೆಯವರಿಗೆ ತೋರಿಸಿ ಸಹಿ ಹಾಕದೆ ನಾನು ಹೊರಡುವಂತಿರಲಿಲ್ಲ, ಆ ತಪಾಸಣೆಯವರಿಗೋ ಜ್ವರ. ಇಲ್ಲಿ ಬಾಡಿಗೆ ಮನೆಯ ಬೀಗದ ಕೈ ಪಡೆಯುವ ದಿನ ಮುಂದೆ ಹೋಗುವಂತಿರಲಿಲ್ಲ. "ನಾನು ಮುಂಚೆ ಹೋಗ್ತೀನಿ, ನೀವು ಬರೋ ಹೊತ್ತಿಗೆ ಮನೇಲಿ ಒಲೆ ಹತ್ತಿರುತ್ತೆ" ಎಂದವಳೇ ಅವಳು ವಿಮಾನ ಹತ್ತಿದಳು. ಒಂಬತ್ತು ದಿನ ಬಿಟ್ಟು ನಾನು ಬಂದೆ. ಒಲೆ ಹತ್ತಿತ್ತು.

ಈ ಒಂಬತ್ತು ದಿನಗಳನ್ನು ಹಿಡಿದು ತಾವು ಕೊಟ್ಟ ತೀರ್ಮಾನವನ್ನು ನಾನು ಮೂರು ಸಲ ಓದಿದೆ. ಹೆಂಡತಿ ಗಂಡನ ಜೊತೆ ಹೋಗಿಲ್ಲ, ಗಂಡನೇ ಹೆಂಡತಿಯ ಜೊತೆ ಹೋಗಿದ್ದಾನೆ, ಆದ್ದರಿಂದ ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಲೆಕ್ಕಕ್ಕೆ ಬಾರದು ಎಂದು ಬರೆದಿದ್ದೀರಿ. ಮಾನ್ಯರೇ, ಇದೇ ಮಾತನ್ನು ಅಲ್ಲಿ ತಮ್ಮ ಊರಿನಲ್ಲೇ ಇರುವ ನನ್ನ ಭಾವಮೈದ ಇಪ್ಪತ್ತೆಂಟು ವರ್ಷದಿಂದ ಹೇಳುತ್ತ ಬಂದಿದ್ದಾನೆ. "ನಮ್ಮ ಭಾವ ಬಿಡ್ರೀ, ಅಕ್ಕನ ಸೆರಗು ಹಿಡ್ಕೊಂಡು ಓಡಾಡೋರು" ಎಂದು ಊಟಕ್ಕೆ ಕೂತಾಗೆಲ್ಲ ನನ್ನ ಕಾಲೆಳೆಯುವವನು, ಸರ್ಕಾರಿ ಮೊಹರಿರುವ ತಮ್ಮ ಕಾಗದವನ್ನು ವಿಡಿಯೊ ಕರೆಯಲ್ಲಿ ನೋಡಿ ನೆಲದ ಮೇಲೆ ಹೊರಳಾಡಿ ನಕ್ಕ. ಕೊನೆಗೆ ಕಣ್ಣೊರೆಸಿಕೊಂಡು, ಹಾಗಾದರೆ ಅಕ್ಕ ಇನ್ನು ವಾಪಸು ಬರುವ ಹಾಗಿಲ್ಲವೇ ಎಂದು ಕೇಳಿದ.

ಇಲ್ಲಿರುವ ತಮ್ಮ ಶಾಖೆಯ ಕೌಂಟರಿನ ಗುಮಾಸ್ತರ ತಾಳ್ಮೆಯನ್ನೂ ಹೊಗಳಲೇಬೇಕು. ನನ್ನ ಕೆಲಸದ ಆದೇಶ, ಬಾಡಿಗೆ ಕರಾರು, ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ ದಾಖಲೆ ಎಲ್ಲವನ್ನೂ ಪಕ್ಕಕ್ಕಿಟ್ಟು, ಸಂಸಾರದಲ್ಲಿ ಗಂಡ ಮುಂದಿದ್ದ ಎನ್ನುವುದಕ್ಕೆ ಏನಾದರೂ ಪುರಾವೆ ಇದೆಯೇ ಎಂದು ಕೇಳಿದರು. ಮದುವೆಯ ಫೋಟೊ ಕೊಟ್ಟೆ. ಅವಳು ಗಿಡ್ಡ ಎಂದು ಫೋಟೊಗ್ರಾಫರ್ ಅವಳನ್ನು ಒಂದು ಹೆಜ್ಜೆ ಮುಂದೆ ನಿಲ್ಲಿಸಿದ್ದ. ಗುಮಾಸ್ತರು ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ನೋಡಿ, "ಇದ್ರಲ್ಲೂ ಅವರೇ ಮುಂದಿದಾರಲ್ಲ ಯಜಮಾನ್ರೇ" ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಟೇಪು ಹಿಡಿದ ಒಬ್ಬ ಅಧಿಕಾರಿಯನ್ನು ನಮ್ಮ ಮನೆಗೆ ಕಳಿಸಿಕೊಡಿ. ನಾವು ಮಾರುಕಟ್ಟೆಗೆ ಹೊರಟಾಗ ಯಾರು ಎಷ್ಟು ಅಡಿ ಮುಂದಿದ್ದಾರೆಂದು ಅಳೆದು ಅವರು ದಿನವೂ ಬರೆದುಕೊಳ್ಳಲಿ, ಚೀಲ ಮಾತ್ರ ನಾನೇ ಹೊರುತ್ತೇನೆ. ಹಾಗೆಯೇ ಬಾಯ್ಲರಿಗೆ ಇರುವಂತೆ ಸಂಸಾರಕ್ಕೂ ಒಂದು ಒತ್ತಡದ ಮಾಪಕ ಕೊಟ್ಟರೆ, ತಮ್ಮ ಕಾಗದ ಬಂದ ದಿನ ಅದರ ಮುಳ್ಳು ಎಲ್ಲಿಗೆ ಹೋಯಿತೆಂದು ತೋರಿಸುತ್ತೇನೆ. ಇಷ್ಟಕ್ಕೂ ಆಗದಿದ್ದರೆ, ನಮ್ಮ ಮಗಳ ಹೊಟ್ಟೆಯಲ್ಲಿರುವ ಮಗುವಿಗೆ, ಅಜ್ಜಿಯ ಕಾರ್ಡು ವಾಪಸು ಬರುವ ತನಕ ಹುಟ್ಟಕೂಡದೆಂದು ತಾವು ಒಂದು ನೋಟಿಸ್ ಜಾರಿ ಮಾಡಬೇಕು.

ಯಾಕೆಂದರೆ ಮಗಳು ಇರುವುದು ಅಲ್ಲಿ, ತಮ್ಮ ಕಚೇರಿಯಿಂದ ಬಸ್ಸಿನಲ್ಲಿ ಎರಡೇ ನಿಲ್ದಾಣದ ದೂರದಲ್ಲಿ. ಅವಳಿಗೆ ಎಂಟು ತಿಂಗಳು ತುಂಬಿದೆ, ಚೊಚ್ಚಲು. ಮೇಲ್ಮನವಿಯ ವಿಚಾರಣೆಯನ್ನು ತಾವು ಐದು ತಿಂಗಳ ಆಚೆಗೆ ಇಟ್ಟಿದ್ದೀರಿ, ಅಲ್ಲಿಯವರೆಗೆ ನನ್ನ ಹೆಂಡತಿ ದೇಶದೊಳಗೆ ಕಾಲಿಡುವಂತಿಲ್ಲ. ಅಷ್ಟರಲ್ಲಿ ಮಗು ಹುಟ್ಟಿ, ಬೋರಲು ಬಿದ್ದು, ಗುರುತು ಹಿಡಿದು ನಗುವುದನ್ನೂ ಕಲಿತಿರುತ್ತದೆ. ಆ ಗುರುತಿನ ಮುಖಗಳಲ್ಲಿ ಅಜ್ಜಿಯದು ಇರುವುದಿಲ್ಲ. ನಾನು ಪ್ರಜೆ, ಯಾವಾಗ ಬೇಕಾದರೂ ಬರಬಹುದು. ಹಾಗೆಂದು ಮಗಳಿಗೆ ಫೋನಿನಲ್ಲಿ ಹೇಳಿದರೆ, "ಅಪ್ಪಾ, ನೀನು ಬಂದು ಏನ್ಮಾಡ್ತೀಯ? ನಂಗೆ ಹೆದರಿಕೆ ಆಗ್ತಿದೆ, ಅಮ್ಮನ್ನ ಕಳಿಸು" ಎಂದು ಅತ್ತಳು. ಪಕ್ಕದಲ್ಲೇ ನಿಂತಿದ್ದ ಅವಳಮ್ಮ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ನನಗೆ ಸಿಟ್ಟು ಬಂದಿದೆ ಮಾನ್ಯರೇ. ಇಷ್ಟು ಹೊತ್ತು ವಿನಯದಿಂದ ಬರೆದದ್ದಕ್ಕೆ ಕ್ಷಮೆಯಿರಲಿ.

ತಮ್ಮ ವಿಶ್ವಾಸಿ,
ತಮ್ಮದೇ ಕಡತದ ಪ್ರಕಾರ ಹೆಂಡತಿಯ ಹಿಂದೆ ಹೋದವನು

ತಾ.ಕ.: ನಾಡಿದ್ದು ನಾನೊಬ್ಬನೇ ವಿಮಾನ ಹತ್ತುತ್ತಿದ್ದೇನೆ. ಮೂರು ದಿನದಿಂದ ಅವಳು ಸುತ್ತಿದ ಟವೆಲೊಂದನ್ನು ನನ್ನ ಕಾಲ ಮೇಲೆ ಮಲಗಿಸಿ, ಮಗುವಿಗೆ ನೀರು ಹಾಕುವುದನ್ನು ಹೇಳಿಕೊಡುತ್ತಿದ್ದಾಳೆ. ಈವರೆಗೆ ಟವೆಲು ಎರಡು ಸಲ ಕೈಜಾರಿ ಬಕೆಟ್ಟಿಗೆ ಬಿದ್ದಿದೆ. ಗಂಡ ಮುಂದೆ ಹೋದ ಎನ್ನುವುದಕ್ಕೆ ತಾವು ಪುರಾವೆ ಕೇಳಿದ್ದಿರಿ, ನನ್ನ ಟಿಕೆಟ್ಟಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಅವಳ ಪೆಟ್ಟಿಗೆಯೂ ಬಾಗಿಲ ಬಳಿ ಕಟ್ಟಿಟ್ಟೇ ಇದೆ. ಜೊತೆಗೆ ಹೊರಟವಳನ್ನು ತಡೆದು ನಿಲ್ಲಿಸಿದ್ದು ಯಾರು ಎಂಬುದನ್ನೂ ದಯವಿಟ್ಟು ಅದೇ ಕಡತದಲ್ಲಿ ಬರೆದಿಡಿ.